ಮಜ್ಜಿಗೆ ಮೇಲೆ ಹಾಕಿದ ತಪ್ಪು

ನಂಗೆ ಕೋಪ ಮೂಗಿನ ತುದೀಲೇ ಇರುತ್ತೆ. ಇದನ್ನ ಮೊದಲೇ ಹೇಳಿಬಿಡ್ತೀನಿ. ಬಸ್ಸಲ್ಲಿ ಯಾರಾದ್ರೂ ಕಾಲು ತುಳಿದ್ರೆ ಕೋಪ, ತುಳಿದು ಸಾರಿ ಅಂದ್ರೆ ಇನ್ನೂ ಕೋಪ. "ನೀನು ದೇವಸ್ಥಾನಕ್ಕೋದ್ರೂ ಪ್ರಸಾದದ ಜೊತೆ ಒಂದು ಜಗಳ ತಕೊಂಡೇ ಬತ್ತೀಯ" ಅಂತಾರೆ ನಮ್ಮನೆಯವರು. ಅವರ ಮಾತಿನ ಮೇಲೂ ಕೋಪ ಬರುತ್ತೆ, ಯಾಕಂದ್ರೆ ಅದು ನಿಜ.

ಈ ಕೋಪಾನ ತಮಾಷೆ ಮಾಡಿ ಹೇಳೋದು ನಂಗೆ ಸೋದರತ್ತೆಯಿಂದ ಬಂದಿದ್ದು. ನಮ್ಮತ್ತೆ ಮದುವೆ ಮನೇಲಿ ಬೀಗರ ಹಾಡು ಹೇಳೋದ್ರಲ್ಲಿ ಎತ್ತಿದ ಕೈ. ಗಂಡಿನ ಕಡೆ ಬೀಗಿತ್ತೀನ ಎದುರಿಗೆ ಚಾಪೆ ಮೇಲೆ ಕೂರಿಸ್ಕೊಂಡು, ಅವಳ ಮೂಗು, ಅವಳ ನಡಿಗೆ, ಅವಳು ಹೋಳಿಗೆ ಮುರಿಯೋ ರೀತಿ ಎಲ್ಲದರ ಮೇಲೂ ಹಾಡು ಕಟ್ತಿದ್ಲು. ಚಪ್ಪರವೆಲ್ಲ ನಗೋದು. ಆ ಬೀಗಿತ್ತಿ ಸುಮ್ನಿರ್ತಿದ್ಲಾ, ಅವಳೂ ತಿರುಗಿ ನಮ್ಮತ್ತೆ ಹಲ್ಲಿನ ಮೇಲೆ ಹಾಡೋಳು. ಕೊನೇಲಿ ಇಬ್ರೂ ಒಂದೇ ತಟ್ಟೇಲಿ ಎಲೆಅಡಿಕೆ ಹಾಕ್ಕೊಂಡು ಎದ್ದು ಹೋಗ್ತಿದ್ರು. ಒಂದ್ಸಲ ಬೀಗಿತ್ತಿ ಊಟಕ್ಕೆ ಎದ್ದು ಹೋದ ಮೇಲೆ ನಾನು ಒಂದು ಸಾಲು ಸೇರಿಸೋಕೆ ಹೋದೆ. ಅತ್ತೆ ನನ್ನ ತೊಡೆ ಚಿವುಟಿದ್ಲು. "ಎದುರಿಗೆ ಕೂತೋರ್ನ ಆಡ್ಕೊಂಡ್ರೆ ಹಾಡು. ಎದ್ದೋದೋರ್ನ ಆಡ್ಕೊಂಡ್ರೆ ಚಾಡಿ ಕಣಮ್ಮಿ" ಅಂದ್ಲು. ನನಗಾಗ ಹತ್ತೋ ಹನ್ನೊಂದೋ. ತೊಡೆ ಉರಿ ಹೋದ ಮೇಲೆ ಮಾತೂ ಮರೆತೋಯ್ತು.

ಹೊಸೂರಲ್ಲಿ ಗಾಡಿಗಳಿಗೆ ವೈರ್ ಕಟ್ಟಿ ಕೊಡೋ ಒಂದು ಫ್ಯಾಕ್ಟರೀಲಿ ನಾನು ಒಂಬತ್ತು ವರ್ಷ ಕೆಲಸ ಮಾಡಿದೆ. ಕಾಂಟ್ರಾಕ್ಟು. ಅಂದ್ರೆ ವರ್ಷಕ್ಕೊಂದ್ಸಲ ನಮ್ಮ ಗೇಟ್ ಪಾಸು ಹೊಸದು ಮಾಡ್ತಾರೆ, ಮಾಡದಿದ್ರೆ ಅವತ್ತಿಂದ ನಾವು ಯಾರೋ ಅವರ್ಯಾರೋ. ನಮ್ಮ ಲೈನಲ್ಲಿ ಇಪ್ಪತ್ತೆರಡು ಹೆಂಗಸರು ಒಬ್ಬರ ಪಕ್ಕ ಒಬ್ರು ನಿಂತು ಕೆಲಸ ಮಾಡ್ಬೇಕು. ನನ್ನ ಎಡಗಡೆ ನಿಲ್ಲುತ್ತಿದ್ದೋಳು ನನಗಿಂತ ಹತ್ತು ವರ್ಷ ಚಿಕ್ಕೋಳು, ಅಂಚೆಟ್ಟಿ ದಾಟಿ ಕಾಡಿನ ಕಡೆ ಇರೋ ನಾಟ್ರಾಂಪಾಳ್ಯಕ್ಕೆ ಕೊಟ್ಟಿದ್ದ ಹೆಣ್ಣು. ಗಂಡ ಹೊಸೂರಲ್ಲಿ ಗಾಡಿ ಓಡಿಸ್ತಾನೆ, ಅತ್ತೆ ಮಾವ ಹಳ್ಳೀಲಿ ಹೊಲ ನೋಡ್ಕೋತಾರೆ. ಮಗು ಆದ ಮೇಲೆ ಅತ್ತೆ ಇವಳನ್ನ ಹಳ್ಳಿಗೇ ಬಂದು ಇರು ಅಂತ ಹಟ ಹಿಡಿದಿದ್ಲು. ಇವಳು ಮೂರು ತಿಂಗಳು ಅತ್ತು, ಜಗಳ ಆಡಿ, ಊಟ ಬಿಟ್ಟು, ಕೊನೆಗೆ ಅತ್ತೇನೇ ಮಗು ನೋಡ್ಕೊಳ್ಳೋಕೆ ಹೊಸೂರಿನ ಮತ್ತಿಗಿರಿ ಮನೆಗೆ ಕರ್ಕೊಂಡು ಬಂದು ಮತ್ತೆ ಲೈನಿಗೆ ನಿಂತೋಳು. ಆ ಕೆಲಸ ಅಂದ್ರೆ ಅವಳಿಗೆ ಜೀವ. "ಅಕ್ಕಾ, ಇಲ್ಲಿ ನಿಂತ್ರೆ ನಾನು ಯಾರ ಸೊಸೇನೂ ಅಲ್ಲ" ಅನ್ನೋಳು. ಅವಳ ಮನೆ ನಮ್ಮ ಬೀದಿಯಿಂದ ಎರಡು ಬೀದಿ ಆಚೆ.

ನನ್ನನ್ನ ಮೈಕಿನ ಮುಂದೆ ನಿಲ್ಲಿಸಿದ್ದೂ ಅವಳೇ. ರಸ್ತೆಗಳು ಕೂಡೋ ಕೂಟ್ ರೋಡಿನ ಹತ್ರ ಒಂದು ಸಣ್ಣ ಪರೋಟ ಹೋಟ್ಲು ಇದೆ. ಕೆಳಗೆ ಊಟ, ಮಹಡೀಲಿ ಮೂವತ್ತು ಪ್ಲಾಸ್ಟಿಕ್ ಕುರ್ಚಿ. ಭಾನುವಾರ ಬಿರಿಯಾನಿ ಮುಗಿದು ಸಾಯಂಕಾಲದ ಪರೋಟ ಶುರುವಾಗೋ ಮುಂಚೆ ಅಲ್ಲಿ ಓಪನ್ ಮೈಕ್ ಅಂತ ನಡೆಯುತ್ತೆ. ಯಾರು ಬೇಕಾದ್ರೂ ಹೆಸರು ಕೊಟ್ಟು ಐದು ನಿಮಿಷ ನಿಂತು ಜನಾನ ನಗಿಸ್ಬಹುದು. ಇವಳು ನನಗೆ ಹೇಳದೆ ಫೋನಲ್ಲಿ ನನ್ನ ಹೆಸರು ಕೊಟ್ಟುಬಿಟ್ಟಿದ್ಲು. "ಕ್ಯಾಂಟೀನಲ್ಲಿ ನೀನು ಬಾಯಿ ಬಿಟ್ರೆ ನಮಗೆ ಅನ್ನ ಇಳಿಯಲ್ಲ. ಅಲ್ಲೋಗಿ ಮಾತಾಡು, ನಾವು ಊಟ ಆದ್ರೂ ಮಾಡ್ತೀವಿ" ಅಂದ್ಲು. ನಾನು ಬೈದೆ. ಬೈಕೊಂಡೇ ಒಳ್ಳೆ ಸೀರೆ ಉಟ್ಕೊಂಡು ಹೋದೆ.

ನಂಗಿಂತ ಮುಂಚೆ ಬೆಂಗ್ಳೂರಿಂದ ಬಂದಿದ್ದ ಇಬ್ರು ಮಾತಾಡಿದ್ರು. ಅವರಿಗೆ ಹೊಸೂರು ಅಂದ್ರೆ ಪೆಟ್ರೋಲು ಹಾಕ್ಸೋಕೆ ನಿಲ್ಲೋ ಊರು. ಟ್ರಾಫಿಕ್ಕು, ಡೇಟಿಂಗು, ಅದೇನೇನೋ. ಯಾರೂ ನಗಲಿಲ್ಲ. ನಾನು ಹೋಗಿ ನಿಂತೆ. "ತರಕಾರಿ ಅಂಗಡೀಲಿ ತಮಿಳಲ್ಲಿ ಬೈತೀನಿ, ಮನೆ ಓನರಿಗೆ ತೆಲುಗಲ್ಲಿ ಬೈತೀನಿ, ಗಂಡಂಗೆ ಕನ್ನಡದಲ್ಲಿ ಬೈತೀನಿ. ದೇವ್ರಿಗೆ ಮಾತ್ರ ಏನೂ ಅನ್ನಲ್ಲ, ಯಾಕಂದ್ರೆ ಅವನಿಗೆ ಯಾವುದು ಬತ್ತದೆ ಅಂತ ಗೊತ್ತಿಲ್ಲ" ಅಂದೆ. ಕೆಳಗೆ ಕಲ್ಲಿನ ಮೇಲೆ ಕೊತ್ತು ಪರೋಟ ಕೊಚ್ಚೋ ಸದ್ದು ಶುರುವಾಯ್ತು. ಆ ಸದ್ದಿನ ಮೇಲೂ ನಗು ಕೇಳಿಸ್ತು. ಮುಂದಿನ ಸಾಲಲ್ಲಿ ಇವಳು ಮಗೂನ ತೊಡೆ ಮೇಲೆ ಹಾಕ್ಕೊಂಡು ಕಣ್ಣಲ್ಲಿ ನೀರು ಬರೋ ಹಂಗೆ ನಗ್ತಾ ಇದ್ಲು. ಮೂವತ್ತಾರು ವರ್ಷಕ್ಕೆ ಮೊದಲನೇ ಸಲ, ನನ್ನ ಕೋಪಕ್ಕೆ ಜನ ಚಪ್ಪಾಳೆ ತಟ್ಟಿದ್ರು. ಹುಚ್ಚು ಹಿಡಿಯೋಕೆ ಇನ್ನೇನು ಬೇಕು ಹೇಳಿ.

ಕಾರ್ಯಕ್ರಮ ನಡೆಸೋನು ಕನ್ನಡಕ ಹಾಕಿದ ಒಬ್ಬ ಆಫೀಸಿನ ಮನುಷ್ಯ. ಅವನು ಹೋಗ್ತಾ ಹೇಳ್ದ, "ಅಕ್ಕಾ, ಮುಂದಿನ ವಾರ ನಿಜವಾಗಿ ನಡೆದಿದ್ದೇನಾದ್ರೂ ತನ್ನಿ. ನಿಮ್ಮ ಫ್ಯಾಕ್ಟರೀದು. ಬೇರೆ ಯಾರ ಹತ್ರಾನೂ ಇರಬಾರದು."

ಬೇರೆ ಯಾರ ಹತ್ರಾನೂ ಇಲ್ಲದೆ ಇರೋದು ನನ್ನ ಹತ್ರ ಒಂದಿತ್ತು. ಅದು ನನ್ನದಲ್ಲ, ಇವಳದು.

ನಮ್ಮ ಲೈನಲ್ಲಿ ಟಾಯ್ಲೆಟ್‌ಗೆ ಹೋಗ್ಬೇಕಂದ್ರೆ ಒಂದು ಕಾರ್ಡು ಕತ್ತಿಗೆ ಹಾಕ್ಕೊಂಡು ಹೋಗ್ಬೇಕು. ಇಪ್ಪತ್ತೆರಡು ಜನಕ್ಕೂ ಸೇರಿ ಒಂದೇ ಕಾರ್ಡು. ಒಬ್ಬಳು ವಾಪಸ್ ಬಂದು ಅದನ್ನ ಮೊಳೆಗೆ ತಗಲಾಕಿದ ಮೇಲೆ ಇನ್ನೊಬ್ಬಳು. ಅದಾದ್ರೂ ಪರವಾಗಿಲ್ಲ, ಹೊಂದ್ಕೊಂಡಿದ್ವಿ. ಆಮೇಲೆ ಬಂದ ಸೂಪರ್‌ವೈಸರ್ ಕಾರ್ಡನ್ನ ಮೊಳೆಯಿಂದ ತೆಗೆದು ತನ್ನ ಶರ್ಟಿನ ಜೇಬಲ್ಲಿ ಇಟ್ಕೊಂಡ. ಹೋಗ್ಬೇಕಾದೋಳು ಅವನ ಮುಂದೆ ಹೋಗಿ ನಿಂತು ಕೇಳ್ಬೇಕು. ಗಂಡಸಿನ ಎದೆ ಜೇಬಿಂದ ಅದನ್ನ ಕೇಳಿ ಈಸ್ಕೊಳ್ಳೋದು ಎಂಥ ನಾಚಿಕೆಗೇಡು ಅಂತ ಹೆಂಗಸರಿಗೆ ಬಿಡಿಸಿ ಹೇಳ್ಬೇಕಿಲ್ಲ. ಸುಮಾರು ಜನ ನೀರು ಕುಡಿಯೋದನ್ನೇ ಬಿಟ್ಟುಬಿಟ್ರು.

ಇವಳು ಹೆರಿಗೆ ಆಗಿ ವಾಪಸ್ ಬಂದ ಹೊಸದು. ಅವತ್ತು ಮೂರು ಸಲ ಹೋಗಿ ಕೇಳಿದ್ಲು. ಮೊದಲನೇ ಸಲ "ಈ ಲಾಟ್ ಮುಗೀಲಿ" ಅಂದ. ಎರಡನೇ ಸಲ ಫೋನಲ್ಲಿ ಮಾತಾಡ್ತಾ ಕೈ ಸನ್ನೆ ಮಾಡಿ ಕಳಿಸ್ದ. ಮೂರನೇ ಸಲ ನಗಾಡ್ದ. "ಏನಮ್ಮಾ, ಮಗೂಗಿಂತ ನೀನೇ ಜಾಸ್ತಿ ಹೋಗ್ತೀಯ" ಅಂದ. ಅವಳು ವಾಪಸ್ ಬಂದು ನನ್ನ ಪಕ್ಕ ನಿಂತ್ಲು, ತುಟಿ ಕಚ್ಕೊಂಡು ಕನೆಕ್ಟರ್ ಹಾಕಿದ್ಲು, ಎರಡೋ ಮೂರೋ. ಆಮೇಲೆ "ಅಕ್ಕಾ" ಅಂದ್ಲು. ಅಷ್ಟೇ. ನೋಡಿದ್ರೆ ಕಾಲ ಕೆಳಗೆ ನೆಲ ಒದ್ದೆ.

ನಾನು ಯೋಚ್ನೆ ಮಾಡ್ಲಿಲ್ಲ. ಲೈನಲ್ಲಿ ನೀರಿನ ಬಾಟ್ಲಿ ಇಡಬಾರದು ಅಂತ ರೂಲ್ಸು, ನಾನು ಕದ್ದು ಮೇಜಿನ ಕೆಳಗೆ ಇಟ್ಕೊಂಡಿದ್ದೆ. ಅದನ್ನ ತೆಗೆದು ಅವಳ ಯೂನಿಫಾರಂ ಕೋಟಿನ ಮೇಲೆ, ಕಾಲ ಮೇಲೆ, ನೆಲದ ಮೇಲೆ ಪೂರ್ತಿ ಚೆಲ್ಲಿದೆ. "ಅಯ್ಯೋ ಜಾರಿಬಿಡ್ತು" ಅಂತ ಕೂಗಿದೆ. ಲೈನು ನಿಂತೋಯ್ತು. ನೆಲ ಒರೆಸೋರು ಬಂದ್ರು, ಸೂಪರ್‌ವೈಸರ್ ಬಂದು ನನ್ನ ಮೇಲೆ ಹಾರಾಡ್ದ, ಬಾಟ್ಲಿ ಇಟ್ಕೊಂಡಿದ್ದಕ್ಕೆ ವಾರ್ನಿಂಗ್ ಲೆಟರ್ ಕೊಟ್ಟ. ತಲೆ ತಗ್ಗಿಸಿ ಸೈನು ಹಾಕಿದೆ. ಇವಳು ಬಟ್ಟೆ ಬದಲಾಯಿಸಿ ಬಂದು ಮೇಜಿನ ಕೆಳಗೆ ನನ್ನ ಕೈ ಹಿಡ್ಕೊಂಡ್ಲು. ಅವಳಿಗೆ, ನನಗೆ, ಇಬ್ರಿಗೇ ಗೊತ್ತು. ಆ ದಿನದ ಬಗ್ಗೆ ನನಗೆ ಒಳಗೊಳಗೆ ಬಲು ಹೆಮ್ಮೆ ಇತ್ತು.

ಎರಡನೇ ಭಾನುವಾರ ಅವಳ ಮಗೂಗೆ ಜ್ವರ, ಅವಳು ಬರ್ಲಿಲ್ಲ. ಮಹಡಿ ತುಂಬಿತ್ತು. ನಮ್ಮ ಲೈನಿನ ನಾಲ್ಕು ಜನ ಬಂದಿದ್ರು. ನಾನು ಮೈಕ್ ಹಿಡಿದು, "ನನಗೊಬ್ಬಳು ಸ್ನೇಹಿತೆ ಇದ್ದಾಳೆ" ಅಂತ ಶುರು ಮಾಡಿದೆ.

ಹೆಸರು ಹೇಳ್ಲಿಲ್ಲ. ಹೆಸರು ಹೇಳದಿದ್ರೆ ಯಾರ ಮರ್ಯಾದೇನೂ ಹೋಗಲ್ಲ ಅಂತ ನನ್ನ ಮಂಕು ತಲೆ ಲೆಕ್ಕಾಚಾರ. ಕಾರ್ಡು, ಜೇಬು, ಅವನು ನಕ್ಕಿದ್ದು, ಇದ್ಯಾವುದನ್ನೂ ಹೇಳ್ಲಿಲ್ಲ. ಪಾಸು ಹೊಸದು ಮಾಡೋ ತಿಂಗಳು ಅದು. ಬಡವನ ಕೋಪ ದವಡೆಗೆ ಮೂಲ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ. ಆದ್ರೆ ಕಥೆಗೆ ಒಂದು ಕಾರಣ ಬೇಕಲ್ಲ, ಅದಕ್ಕೆ ಮಜ್ಜಿಗೆ ಮಾಡಿದೆ. ದೇವಸ್ಥಾನದಲ್ಲಿ ಮಜ್ಜಿಗೆ ಹಂಚ್ತಿದ್ರು, ನನ್ನ ಸ್ನೇಹಿತೆ ಪುಕ್ಕಟೆ ಅಂತ ಐದು ಲೋಟ ಕುಡಿದು ಲೈನಿಗೆ ಬಂದ್ಲು ಅಂದೆ. ಅವಳು ಕಾಲು ಹೆಂಗೆ ಹೆಣ್ಕೊಂಡ್ಲು, ಮುಖ ಹೆಂಗೆ ಹಿಂಡಿದ್ಲು, ಎಲ್ಲ ಮಾಡಿ ತೋರಿಸಿದೆ. ಅವಳು ತುಟಿ ಕಚ್ಕೊಂಡಿದ್ದನ್ನೂ ಮಾಡಿದೆ. ಬಾಟ್ಲಿ ನೀರು ಚೆಲ್ಲಿದ್ದನ್ನ ಹೇಳಿ, "ಸೂಪರ್‌ವೈಸರ್ ಬಂದು ಯಾವ್ದಮ್ಮಾ ನೀರು, ಯಾವ್ದಮ್ಮಾ ಮಜ್ಜಿಗೆ ಅಂತ ಕೇಳ್ದ" ಅಂದಾಗ ಜನ ಕುರ್ಚಿಯಿಂದ ಬಿದ್ದು ಬಿದ್ದು ನಕ್ರು. ನಮ್ಮ ಲೈನಿನ ನಾಲ್ಕು ಜನ ಮಾತ್ರ ಒಬ್ಬರ ಮುಖ ಒಬ್ರು ನೋಡ್ಕೊಂಡ್ರು. ಬಾಟ್ಲಿ ಬಿದ್ದ ದಿನ ಯಾವ್ದು, ನನ್ನ ಪಕ್ಕ ಯಾರು ನಿಂತಿದ್ರು ಅಂತ ಅವರಿಗೆ ಯಾರಾದ್ರೂ ಹೇಳ್ಬೇಕಾ.

ನಾನು ಅದನ್ನ ನೋಡಿದೆ. ನೋಡಿಯೂ ನಿಲ್ಲಿಸ್ಲಿಲ್ಲ.

ಮಹಡೀಲಿ ಯಾರೋ ಹಿಡಿದ ವಿಡಿಯೋ ಬುಧವಾರದ ಹೊತ್ತಿಗೆ ಎಲ್ಲರ ಫೋನಲ್ಲಿ. ಕ್ಯಾಂಟೀನಲ್ಲಿ, ಕಂಪನಿ ಬಸ್ಸಲ್ಲಿ, ಟೀ ಅಂಗಡೀಲಿ ಅದೇ. ಇವಳು ಸೋಮವಾರ ಬಂದಿದ್ಲು, ಮಂಗಳವಾರ ಬಂದಿದ್ಲು, ಬುಧವಾರ ಮಧ್ಯಾಹ್ನ ಯಾರೋ ಒಬ್ಬಳು ಅವಳ ಮುಂದೆ ಮಜ್ಜಿಗೆ ಪ್ಯಾಕೆಟ್ ಇಟ್ಟು ಕಿಸಕ್ಕಂತ ನಕ್ಕಿದ್ದಾಳೆ. ಗುರುವಾರ ನನ್ನ ಎಡಗಡೆ ಜಾಗ ಖಾಲಿ. ಅವತ್ತೇ ಸೂಪರ್‌ವೈಸರ್ ನನ್ನ ಹತ್ರ ಬಂದ. ಬೈತಾನೆ ಅಂದ್ಕೊಂಡೆ. ಮುಖವೆಲ್ಲ ನಗು. "ಸೂಪರ್ ಮ್ಮಾ. ನಮ್ಮ ಮನೇಲಿ ಎಲ್ರಿಗೂ ತೋರಿಸ್ದೆ. ನನ್ನ ಮಿಸ್ಸಸ್ ನಕ್ಕು ನಕ್ಕು ಸಾಕಾಯ್ತು" ಅಂದ. ಆ ಕಾರ್ಡು ಅವನ ಜೇಬಲ್ಲೇ ಇತ್ತು, ದಾರ ಹೊರಗೆ ನೇತಾಡ್ತಿತ್ತು. ನನಗೆ ಮೈಯೆಲ್ಲ ಬೆಂಕಿ ಬಿತ್ತು. ಅವನು ಮಾಡಿದ ಪಾಪಾನ ನಾನು ತೊಳೆದು, ಇಸ್ತ್ರಿ ಮಾಡಿ, ಮಡಿಸಿ ಅವನ ಕೈಗೇ ಕೊಟ್ಟಿದ್ದೆ. ಅವನು ಅದನ್ನ ಹೆಂಡತಿ ಜೊತೆ ಕೂತ್ಕೊಂಡು ನೋಡ್ತಾವ್ನೆ.

ಶಿಫ್ಟ್ ಮುಗಿಸ್ಕೊಂಡು ಸೀದಾ ಅವಳ ಮನೆಗೆ ಹೋದೆ. ಬಾಗಿಲಲ್ಲಿ ಅವಳತ್ತೆ ಮೊರ ಹಿಡ್ಕೊಂಡು ಕೂತಿದ್ಲು, ಏಳ್ಲಿಲ್ಲ. "ಬಂದ್ಯಾ. ಇನ್ನೇನಾದ್ರೂ ಬೇಕಿತ್ತಾ ಆಡಿ ತೋರ್ಸೋಕೆ?" ಅಂದ್ಲು. ನಾನು ಅವಳನ್ನ ಕರೀರಿ ಅಂದೆ. "ನನ್ನ ಮಗ ಟೀ ಕುಡಿಯೋಕೆ ನಿಂತಿದ್ರೆ ಪಕ್ಕದೋನು ಫೋನ್ ತೋರ್ಸಿ ನಗ್ತಾವ್ನೆ. ಯಾರ ಹೆಂಡ್ತಿ ಅಂತ ಅವ್ನಿಗೂ ಗೊತ್ತು, ಇವ್ನಿಗೂ ಗೊತ್ತು. ಕೆಲ್ಸ ಬ್ಯಾಡ, ಊರಿಗೆ ನಡಿ ಅಂತ ನಾನು ಬಡ್ಕೊಂಡೆ, ಕೇಳ್ಲಿಲ್ಲ. ಈಗ ನೀನು ಹೇಳ್ಕೊಟ್ಟೆ, ಕೇಳ್ತಾವ್ಳೆ" ಅಂದ್ಲು. ಒಳಗೆ ಮಗು ಅಳೋ ಸದ್ದು, ಅದನ್ನ ಸಮಾಧಾನ ಮಾಡೋ ಅವಳ ದನಿ, ಎರಡೂ ಕೇಳಿಸ್ತು. ಅವಳು ಹೊರಗೆ ಬರ್ಲಿಲ್ಲ. ಶನಿವಾರ ಮನೆಗೆ ಬೀಗ ಬಿದ್ದಿತ್ತು. ಸೊಸೆ, ಅತ್ತೆ, ಮಗು ಮೂವರೂ ನಾಟ್ರಾಂಪಾಳ್ಯಕ್ಕೆ ಹೋದ್ರು ಅಂತ ಪಕ್ಕದ ಮನೆಯೋರು ಹೇಳಿದ್ರು.

ತಪ್ಪು ಮಾಡಿದೋಳಿಗೆ ಕೋಪ ಬರಬಾರದು ಅಂತ ಎಲ್ಲಿದೆ? ನನಗೆ ಬಂತು. ಆ ಕನ್ನಡಕದೋನ ಮೇಲೆ ಬಂತು, ನಕ್ಕೋರ ಮೇಲೆ ಬಂತು, ಮಜ್ಜಿಗೆ ಪ್ಯಾಕೆಟ್ ಇಟ್ಟೋಳ ಮೇಲೆ ಬಂತು. ಅನ್ನ ಬೇಯಿಸ್ತಾ ಸೌಟು ಎಸೆದೆ. ನಮ್ಮನೆಯವರು ಅದನ್ನ ಎತ್ತಿ ತೊಳೆದಿಟ್ಟು, "ಸೌಟೇನು ಮಾಡ್ತು?" ಅಂದ್ರು. ಸೋದರತ್ತೆ ತೊಡೆ ಚಿವುಟಿ ಹೇಳಿದ ಮಾತು ಆಗ ನೆನಪಾಯ್ತು. ಇಪ್ಪತ್ತೈದು ವರ್ಷ ಆದ ಮೇಲೆ.

ಮಾರನೆ ದಿನ ಭಾನುವಾರ, ಬೆಳಿಗ್ಗೆ ಕನ್ನಡಕದೋನು ಫೋನ್ ಮಾಡ್ದ. "ಅಕ್ಕಾ, ಮಜ್ಜಿಗೇದೇ ಮಾಡಿ, ಅದನ್ನ ಕೇಳೋಕೇ ಬರ್ತಾವ್ರೆ. ನಿಮ್ಮ ಫ್ಯಾಕ್ಟರಿಯೋರೇ ಒಂದು ಹತ್ತು ಜನ ಸೀಟು ಹೇಳಿದ್ದಾರೆ." ಬತ್ತೀನಿ ಅಂದೆ.

ಮಹಡಿ ಹತ್ತಿ ನೋಡಿದ್ರೆ ಮುಂದಿನ ಸಾಲಲ್ಲೇ ಸೂಪರ್‌ವೈಸರ್, ಪಕ್ಕದಲ್ಲಿ ಹೆಂಡತಿ, ಕೈಯಲ್ಲಿ ಫೋನು ರೆಡಿ. ನನಗೆ ಕೈ ಮುಗಿದ. ದೇವ್ರೇ ತಂದು ಕೂರಿಸಿದಂಗಿತ್ತು.

"ಹೋದ ವಾರ ನಾನು ಹೇಳಿದ್ದು ಸುಳ್ಳು" ಅಂತ ಶುರು ಮಾಡಿದೆ. ಒಬ್ಬಿಬ್ರು ಆಗ್ಲೇ ನಕ್ರು, ತಮಾಷೆ ಅಂದ್ಕೊಂಡು. "ಮಜ್ಜಿಗೆ ಯಾರೂ ಕುಡಿದಿರ್ಲಿಲ್ಲ. ಇಪ್ಪತ್ತೆರಡು ಹೆಂಗಸರಿಗೆ ಒಂದು ಕಾರ್ಡು. ಆ ಕಾರ್ಡು ಒಬ್ಬ ಗಂಡಸಿನ ಜೇಬಲ್ಲಿ. ಅವರು ಇಲ್ಲೇ ಕೂತವ್ರೆ, ನೀಲಿ ಶರ್ಟು, ಅವರ ಹತ್ರ ಕೇಳಿ ಆಮೇಲೆ ಟಾಯ್ಲೆಟ್‌ಗೆ ಹೋಗಿ, ಹೋಟ್ಲಿನೋರದ್ದೂ ಅವರ ಜೇಬಲ್ಲೇ ಇದ್ರೂ ಇರ್ಬೋದು." ಆಮೇಲೆ ಮೂರು ಸಲ ಅವಳು ಹೋಗಿ ಕೇಳಿದ್ದು, ಅವನು ಮೂರು ಸಲ ಏನಂದ, ಅದೇ ದನೀಲಿ, ಅದೇ ನಗೂನಲ್ಲಿ ಮಾಡಿ ತೋರಿಸಿದೆ. ಮೂರನೇದನ್ನ ಮಾಡೋವಾಗ ಅವನ ಹೆಂಡತಿ ಮುಖಾನೇ ನೋಡ್ತಿದ್ದೆ. ಆಯಮ್ಮ ನಿಧಾನವಾಗಿ ತಿರುಗಿ ಗಂಡನ್ನ ನೋಡಿದ್ಲು. ಒಬ್ರೂ ನಗಲಿಲ್ಲ. ನಮ್ಮ ಲೈನಿನ ಒಬ್ಬ ವಯಸ್ಸಾದ ಹೆಂಗಸು ಹಿಂದಿಂದ "ನಿಜ ಕಣಪ್ಪಾ" ಅಂದ್ಲು, ಅಷ್ಟೆ. ಅವನು ಎದ್ದ. "ನಾಳೆ ನೋಡ್ಕೊತೀನಿ" ಅಂತ ತಮಿಳಲ್ಲಿ ಗೊಣಗಿ ಕೆಳಗಿಳಿದ.

ನೋಡ್ಕೊಂಡ. ಸೋಮವಾರ ಗೇಟಲ್ಲಿ ನನ್ನ ಪಾಸು ಹಿಡಿದ್ರೆ ಮಿಷಿನ್ನು ತಗೊಳ್ಳಲಿಲ್ಲ. ಒಂಬತ್ತು ವರ್ಷ ಆ ಗೇಟು ದಾಟಿದ್ದೆ. ಕಾಂಟ್ರಾಕ್ಟರ್ ಕಡೆಯೋನು ಬಂದು "ಪರ್ಫಾರ್ಮೆನ್ಸ್ ಸರಿಯಿಲ್ಲ ಅಂತ ರಿಪೋರ್ಟ್ ಬಂದಿದೆ" ಅಂದ. ಯಾವ ಪರ್ಫಾರ್ಮೆನ್ಸು ಅಂತ ಕೇಳಿದೆ, ಗಟ್ಟಿಯಾಗಿ, ಸೆಕ್ಯೂರಿಟಿಯೋರೆಲ್ಲ ತಿರುಗಿ ನೋಡೋ ಹಂಗೆ. ಆದ್ರೆ ನಿಜ ಹೇಳ್ಬೇಕಂದ್ರೆ ಒಳಗೆ ಹಗುರಾಗಿತ್ತು. ಕೆಲಸ ಹೋಯ್ತು, ಅವಳ ಸಾಲ ತೀರ್ತು ಅಂದ್ಕೊಂಡೆ. ಆ ವಾರವೇ ಕಾರ್ಡು ವಾಪಸ್ ಮೊಳೆಗೆ ಬಂತು ಅಂತ ಲೈನಿನೋರು ಫೋನ್ ಮಾಡಿದ್ರು. ನನಗೆ ಎರಡು ಕೊಂಬು ಬಂದಂಗಾಯ್ತು.

ಮಾರನೆ ದಿನ ಬೆಳಿಗ್ಗೆ ಬಸ್ ಹತ್ತಿ ಡೆಂಕಣಿಕೋಟೆ, ಅಲ್ಲಿಂದ ಅಂಚೆಟ್ಟಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಾಟ್ರಾಂಪಾಳ್ಯಕ್ಕೆ ಹೋದೆ. ಫೋನಲ್ಲಿ ನಾನು ನಿಜ ಹೇಳಿದ ಆ ಎರಡನೇ ವಿಡಿಯೋ ಹಾಕಿಸ್ಕೊಂಡಿದ್ದೆ, ಅಲ್ಲಿ ಸಿಗ್ನಲ್ ಸಿಗಲ್ಲ ಅಂತ. ದಾರಿಯುದ್ದಕ್ಕೂ ಅವಳಿಗೆ ಏನು ಹೇಳ್ಬೇಕು ಅಂತ ಜೋಡಿಸ್ಕೊಂಡು ಹೋದೆ. ಅವಳ ಕೆಲಸ ವಾಪಸ್ ಸಿಗುತ್ತೆ, ಲೈನಿನೋರೆಲ್ಲ ಈಗ ಅವಳ ಪರ, ಹೊರಡು ಅನ್ನೋದು.

ಅವಳು ಜಗುಲಿ ಮೇಲೆ ಕೂತು ಅವರೇಕಾಯಿ ಬಿಡಿಸ್ತಿದ್ಲು. ಮಗು ಪಕ್ಕದಲ್ಲಿ ಸಿಪ್ಪೆ ಜೊತೆ ಆಡ್ತಿತ್ತು. ಅತ್ತೆ ಹೊಲಕ್ಕೆ ಹೋಗಿದ್ಲು. "ಬಾಕ್ಕ" ಅಂದ್ಲು, ನೀರು ತಂದುಕೊಟ್ಲು, ಬಿಸಿಲಲ್ಲಿ ಬಂದಿದ್ದೀಯ ಅಂತ ಸೆರಗಲ್ಲಿ ಜಗುಲಿ ಒರೆಸಿದ್ಲು. ಬೈತಾಳೆ ಅಂತ ಮೈ ಗಟ್ಟಿ ಮಾಡ್ಕೊಂಡು ಹೋಗಿದ್ದ ನನಗೆ ಏನು ಮಾಡ್ಬೇಕೋ ಗೊತ್ತಾಗ್ಲಿಲ್ಲ. ತಪ್ಪಾಯ್ತು ಅಂದೆ. ಅವಳು ತಲೆ ಆಡಿಸಿದ್ಲು. ಫೋನು ಕೊಟ್ಟೆ.

ಪೂರ್ತಿ ನೋಡಿದ್ಲು. ಅವನ ದನೀಲಿ ನಾನು ಮಾತಾಡಿದಾಗ ತುಟಿ ಸ್ವಲ್ಪ ಅಲುಗಾಡ್ತು, ನಗು ಅಂದ್ಕೊಂಡೆ. ಮುಗಿದ ಮೇಲೆ ಫೋನು ನನ್ನ ಕೈಗಿಟ್ಲು.

"ಕಾರ್ಡು ಮೊಳೆಗೆ ಬಂತಂತೆ ಕಣೇ" ಅಂದೆ. "ಕೆಲ್ಸ ಕೇಳಿದ್ರೆ ಕೊಡ್ತಾರೆ. ನಾನಿಲ್ದಿದ್ರೂ ಲೈನಿನೋರು ಎಲ್ಲ ನಿನ್ ಪರ ಅವ್ರೆ. ಹೊರಡು."

"ನಮ್ಮನೇಲಿ ಬಿಡಲ್ಲ ಅಕ್ಕಾ. ಆ ಮಜ್ಜಿಗೇದೇ ಇನ್ನೂ ಎಲ್ರ ಫೋನಲ್ಲೈತೆ. ಇದನ್ನ ಯಾರೂ ಕಳ್ಸಲ್ಲ."

ಒಂದು ಮುಷ್ಟಿ ಕಾಯಿ ಬಿಡಿಸಿ ಮೊರಕ್ಕೆ ಹಾಕಿದ್ಲು. ಆಮೇಲೆ, ಕೋಪ ಇಲ್ಲ ಏನಿಲ್ಲ, ಗೊತ್ತಿಲ್ದೆ ಇರೋದನ್ನ ಕೇಳೋ ಹಂಗೆ ಕೇಳಿದ್ಲು:

"ಇಷ್ಟು ಚೆಂದಾಗಿ ಅವ್ನ್ ಮುಖದ ಮ್ಯಾಲೆ ಹೇಳೋಕೆ ಬತ್ತದೆ ನಿಂಗೆ. ಅವತ್ತು ನಾನು ಮೂರ್ ಸಲ ಹೋಗಿ ಬಂದಾಗ ನನ್ ಪಕ್ಕದಲ್ಲೇ ನಿಂತಿದ್ದೆ. ಅವಾಗ್ಯಾಕೆ ಬಾಯಿ ಬಿಡ್ಲಿಲ್ಲ ಅಕ್ಕಾ?"

ಬೈದಿದ್ರೆ ತಿರುಗಿ ಏನಾದ್ರೂ ಅನ್ಬೋದಿತ್ತು. ಅವಳು ಬೈಲಿಲ್ಲ. ಕೇಳಿ, ನನ್ನ ಮುಖ ನೋಡಿ, ಮತ್ತೆ ಕಾಯಿ ಬಿಡಿಸೋಕೆ ಶುರು ಮಾಡಿದ್ಲು.